ಅಳಿಯಾ, ನೀನು ಯಾವ ಪಾರ್ಟಿ?

ಕೋಣನಕುಂಟೆ ಕ್ರಾಸಿನಿಂದ ಕನಕಪುರದ ಕಡೆ ಬೈಕಿನಲ್ಲಿ ಹೊರಟರೆ ದಾರಿಯುದ್ದಕ್ಕೂ "ಫಾರ್ಮ್ ಲ್ಯಾಂಡ್ ಮಾರಾಟಕ್ಕಿದೆ" ಅನ್ನೋ ಬೋರ್ಡುಗಳು. ನನ್ನಂಥ ಸಾಫ್ಟ್‌ವೇರ್ ಮಂದಿಗಾಗಿಯೇ ಹಾಕಿದ್ದು ಅನ್ನೋದು ನೋಡಿದರೇ ಗೊತ್ತಾಗುತ್ತೆ. ಹೋದ ತಿಂಗಳು ಸಾಗರದಿಂದ ನನ್ನ ಸೋದರಮಾವ ಬಂದಿದ್ದರು. ಬೋರ್ಡು ನೋಡಿದ್ದೇ ತಡ, "ಈಗ ನೀನೂ ಜಮೀನು ತಗೋಬಹುದು ಮಾರಾಯ. ನಮ್ಮ ಗದ್ದೆ ಕಿತ್ಕೊಂಡ ಕಾನೂನಿನಲ್ಲಿ ಒಂದು ತುಂಡಾದ್ರೂ ಹೋಯ್ತಲ್ಲ" ಅಂದರು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಮಾವ, ಅರಸು ಮಾಡಿದ್ದು ಸರಿ ಅಂತ ನನಗನ್ನಿಸುತ್ತೆ" ಅಂದೆ.

"ಹಾಗಾದ್ರೆ ನೀನು ಕಾಂಗ್ರೆಸ್ಸಾ?"

"ಅಲ್ಲ. ಎಮರ್ಜೆನ್ಸಿಯನ್ನ ನಾನು ಯಾವತ್ತೂ ಒಪ್ಪಲ್ಲ."

"ಹಾಗಾದ್ರೆ ಬಿಜೆಪಿನಾ?"

"ಅದೂ ಅಲ್ಲ."

"ಮತ್ತೆ ಯಾವ ಪಾರ್ಟಿ ಅಳಿಯಾ ನೀನು?"

ಉತ್ತರ ಹೇಳೋಕೆ ಬರಲಿಲ್ಲ. ಮಾವ ಆ ರಾತ್ರಿ ಊಟ ಮಾಡದೆ ಬಸ್ಸು ಹತ್ತಿದರು. ಅಮ್ಮ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆವತ್ತು ಹೇಳಲಾಗದ್ದನ್ನು ಇವತ್ತು ಬರೆಯೋಣ ಅಂತ ಕೂತಿದ್ದೇನೆ.

ಮೊದಲು ಮನೆ ಕಥೆ. ಅಪ್ಪನ ಅಪ್ಪ ಗೇಣಿ ರೈತ. ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯರ ಮನೆಗೆ ಅಳೆದು ಉಳಿದದ್ದು ತಾನು ಉಣ್ಣುತ್ತಿದ್ದವರು. ಅಮ್ಮನ ಅಮ್ಮ, ಅಂದರೆ ನನ್ನ ಅಮ್ಮಮ್ಮ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಇದ್ದ ಸ್ವಲ್ಪ ಗದ್ದೆಯನ್ನು ಗೇಣಿಗೆ ಕೊಟ್ಟು, ಬಂದ ಭತ್ತದಲ್ಲಿ ಮಕ್ಕಳನ್ನು ಸಾಕುತ್ತಿದ್ದರು. 1974ರ ಕಾನೂನಿನಿಂದ ಅಜ್ಜನಿಗೆ ಗದ್ದೆ ಬಂತು. ಅದೇ ಕಾನೂನಿನಿಂದ ಅಮ್ಮಮ್ಮನ ಗದ್ದೆ ಹೋಯಿತು. ಮಾವನಿಗೆ ಆಗ 13 ವರ್ಷ, ಅಮ್ಮನಿಗೆ 6. ಆ ಎರಡು ಮನೆಗಳ ಮಗ ನಾನು!

ಇನ್ನು ಇತಿಹಾಸ. "ಉಳುವವನೇ ಹೊಲದೊಡೆಯ" ಅನ್ನೋ ಮಾತು ನಮ್ಮ ಸೀಮೆಯಲ್ಲಿ ದೊಡ್ಡದಾಗಿ ಕೇಳಿದ್ದು ಕಾಗೋಡಿನಲ್ಲಿ, 1951ರಲ್ಲಿ. ಸಾಗರ ತಾಲೂಕಿನ ಈ ಹಳ್ಳಿಯ ಗೇಣಿ ರೈತರ ಜೊತೆ ನಿಂತವರು ಸಮಾಜವಾದಿಗಳು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಅವರು ತೀರಿಕೊಂಡದ್ದು 1972ರ ಜೂನ್‌ನಲ್ಲಿ. ಅವರು ಬಯಸಿದ ಕಾನೂನು ಬಲವಾಗಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ. ತಂದವರು ಸಮಾಜವಾದಿಗಳಲ್ಲ, ಕಾಂಗ್ರೆಸ್ಸಿನ ದೇವರಾಜ ಅರಸು. ಹುಣಸೂರು ಕಡೆಯ ಕಲ್ಲಹಳ್ಳಿಯವರು, ಮೈಸೂರು ರಾಜಮನೆತನಕ್ಕೆ ಹತ್ತಿರದ ಅರಸು ಸಮುದಾಯದವರು. ಅವರ ಜಾತಿ ನೋಡಿ, ಪಕ್ಷ ನೋಡಿ ಇಂಥ ಕಾನೂನನ್ನು ಯಾರೂ ನಿರೀಕ್ಷಿಸುವ ಹಾಗಿರಲಿಲ್ಲ.

ಕಾನೂನು ಕೆಲಸ ಮಾಡಿದ ರೀತಿಯೂ ನೋಡುವಂಥದ್ದು. ತಾಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿ, ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಗೇಣಿದಾರ 7ನೇ ನಂಬರಿನ ಫಾರಂ ತುಂಬಿ ಕೊಡಬೇಕು. ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ. ಅಕ್ಷರ ಬಾರದ ನನ್ನ ಅಜ್ಜ ಒಡೆಯರ ಎದುರು ನಿಂತು ತಾನೇ ಮಾತಾಡಿದ್ದರಂತೆ. ಆವತ್ತು ಕಾಲು ನಡುಗಿದ್ದನ್ನು ಸಾಯೋವರೆಗೂ ಹೇಳುತ್ತಿದ್ದರು.

ಈಗ ಕಷ್ಟದ ಭಾಗ. ಆ ಮಂಡಳಿಗಳು ಕೆಲಸ ಮಾಡುತ್ತಿದ್ದ ಕಾಲದಲ್ಲೇ, 1975ರ ಜೂನ್‌ನಲ್ಲಿ, ಎಮರ್ಜೆನ್ಸಿ ಬಂತು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ (ಇವತ್ತಿನ ಫ್ರೀಡಂ ಪಾರ್ಕ್) ಜನಸಂಘದ ವಾಜಪೇಯಿ, ಅಡ್ವಾಣಿ, ಸಮಾಜವಾದಿ ಮಧು ದಂಡವತೆ ಎಲ್ಲರೂ ಇದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಆಗಲೂ ಮುಖ್ಯಮಂತ್ರಿ ಇದೇ ಅರಸು. ಅಂದರೆ ಭೂಮಿ ಹಂಚಬೇಕು ಅಂತ ಜೀವಮಾನವಿಡೀ ಕೂಗಿದವರು ಒಳಗೆ, ಹಂಚುತ್ತಿದ್ದ ಸರ್ಕಾರ ಹೊರಗೆ. ನನ್ನ ಅಜ್ಜನ ಗದ್ದೆಗೆ ನಾನು ಋಣಿ. ಆ ಜೈಲಿನ ಗೋಡೆ ನೋಡಿದರೆ ಸಿಟ್ಟು ಬರುತ್ತೆ. ಯಾವುದೋ ಒಂದನ್ನು ಬಿಡು ಅಂದರೆ ನಾನು ಬಿಡಲಾರೆ.

ಆಗಿನ ಮತದಾರರೂ ಹೀಗೇ ಇದ್ದಿರಬೇಕು. 1977ರಲ್ಲಿ ಉತ್ತರ ಭಾರತವೆಲ್ಲ ಇಂದಿರಾರನ್ನು ಕಿತ್ತೊಗೆದಾಗ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ ಕೊಟ್ಟಿತು. ಅರಸು 1979ರಲ್ಲಿ ಇಂದಿರಾರಿಂದ ದೂರವಾದರು. 1980ರ ಲೋಕಸಭೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 27, ಅರಸು ಪಕ್ಷಕ್ಕೆ ಸೊನ್ನೆ. ಭೂಮಿ ಕೊಟ್ಟ ಮನುಷ್ಯನನ್ನೂ ಜನ ಹೊತ್ತು ತಿರುಗಲಿಲ್ಲ!

1983ರಲ್ಲಿ ಇನ್ನೊಂದು ವಿಚಿತ್ರ. ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರಕ್ಕೆ ಬಹುಮತವಿರಲಿಲ್ಲ. 18 ಶಾಸಕರಿದ್ದ ಬಿಜೆಪಿ ಒಂದು ಕಡೆಯಿಂದ, ಕಮ್ಯುನಿಸ್ಟರು ಇನ್ನೊಂದು ಕಡೆಯಿಂದ ಹೊರಗೆ ನಿಂತು ಹೆಗಲು ಕೊಟ್ಟರು. ಇವತ್ತು ಇದನ್ನು ಆಫೀಸಿನಲ್ಲಿ ಹೇಳಿದರೆ ನಂಬುವುದಿಲ್ಲ. ಮುಖ್ಯಮಂತ್ರಿಯಾದ ಮೇಲೆ ಹೆಗಡೆ ಉಪಚುನಾವಣೆಗೆ ನಿಂತು ಗೆದ್ದದ್ದು ಎಲ್ಲಿ ಗೊತ್ತೆ? ನಮ್ಮ ಈ ರಸ್ತೆಯ ತುದಿಯ ಕನಕಪುರದಲ್ಲಿ.

ಆ ಸರ್ಕಾರದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ "ನೀರ್ ಸಾಬ್" ಅನ್ನಿಸಿಕೊಂಡವರು. 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಕಾಯ್ದೆ ಅವರದ್ದು. 1987ರಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ಶೇಕಡಾ 25 ಮೀಸಲು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಅಧಿಕಾರಿ. ಮುಂದೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಪಂಚಾಯತಿ ಕೊಟ್ಟಿತು, ಹೆಂಗಸರ ಪಾಲು ಮೂರನೇ ಒಂದಾಯಿತು. ಅದನ್ನು ತಂದದ್ದು ಕಾಂಗ್ರೆಸ್ ಸರ್ಕಾರ. ಜನತಾದವರ ಪ್ರಯೋಗ ಕಾಂಗ್ರೆಸ್ಸಿನವರ ಕೈಯಲ್ಲಿ ದೇಶದ ಕಾನೂನಾಯಿತು. ಅಧಿಕಾರ ದೆಹಲಿಯಲ್ಲೂ ವಿಧಾನಸೌಧದಲ್ಲೂ ಗಂಟು ಕಟ್ಟಿಕೊಂಡಿರಬಾರದು ಅಂತ ನಾನು ನಂಬುವುದು ಇದರಿಂದಲೇ. ಅದಕ್ಕೆ ಯಾವ ಬಾವುಟ ಹಚ್ಚಲಿ ಹೇಳಿ?

ಅಂದ ಹಾಗೆ ಆ ಫಾರ್ಮ್ ಲ್ಯಾಂಡ್ ಬೋರ್ಡಿನ ವಿಷಯ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳನ್ನು 2020ರಲ್ಲಿ ಬಿಜೆಪಿ ಸರ್ಕಾರ ತೆಗೆಯಿತು. ಗೇಣಿ ರೈತನ ಮಗನಾದ ನಮ್ಮಪ್ಪ ಇದರ ಪರ. "ನನ್ನ ಗದ್ದೆ ಯಾರಿಗೆ ಮಾರಬೇಕು ಅಂತ ನಾನು ಹೇಳಬೇಕು" ಅಂತಾರೆ. ಕಷ್ಟಕ್ಕೆ ಮಾರುವವನಿಗೆ ಒಳ್ಳೇ ಬೆಲೆ ಸಿಗಲಿ ಅನ್ನೋದು ನನಗೂ ಸರಿಯೆನಿಸುತ್ತೆ. ಆದರೆ ಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ, ಶನಿವಾರ ಮಾತ್ರ ಬಂದು ಹೋಗುವ ತೋಟ ನೋಡಿದಾಗ ಅಜ್ಜನ ನೆನಪಾಗುತ್ತೆ. ನಾನಿನ್ನೂ ಕೊಂಡಿಲ್ಲ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಮಾವನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, "ಮಾವ, 84ರ ಡಿಸೆಂಬರಿನಲ್ಲಿ ಯಾರಿಗೆ ಓಟು ಹಾಕಿದ್ರಿ?" ಅಂತ ಕೇಳಿದೆ.

"ಕೈಗೆ. ಇಂದಿರಮ್ಮನ್ನ ಕೊಂದಿದ್ರಲ್ಲ ಆಗ."

"85ರ ಮಾರ್ಚಿನಲ್ಲಿ?"

"ಹೆಗಡೆ ಪಾರ್ಟಿಗೆ. ಇನ್ಯಾರಿಗೆ?"

ಮಾವ ಒಬ್ಬರೇ ಅಲ್ಲ. ಆ ಡಿಸೆಂಬರಿನಲ್ಲಿ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗೆ ಕೊಟ್ಟ ರಾಜ್ಯವೇ, ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಕೇಳಿದಾಗ, ಮೂರು ತಿಂಗಳೊಳಗೆ ವಿಧಾನಸಭೆಯ 224ರಲ್ಲಿ 139 ಜನತಾ ಪಕ್ಷಕ್ಕೆ ಕೊಟ್ಟಿತು.

"ಹಾಗಾದ್ರೆ ನೀವು ಯಾವ ಪಾರ್ಟಿ ಮಾವ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕರು. "ಬುದ್ಧಿವಂತ ಆಗಿದ್ದೀಯ. ಆದ್ರೆ ಅಮ್ಮನ ಗದ್ದೆ ವಿಷಯದಲ್ಲಿ ನೀನು ಹೇಳಿದ್ದು ನಾನು ಒಪ್ಪಲ್ಲ."

ಒಪ್ಪಬೇಕಾಗಿಲ್ಲ. ಕಾನೂನು ದೊಡ್ಡ ಒಡೆಯನನ್ನೂ ಗಂಡನಿಲ್ಲದ ಬಡ ಹೆಂಗಸನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು ಅನ್ನೋದನ್ನ ನಾನು ಆವತ್ತೇ ಹೇಳಬೇಕಿತ್ತು. ಫೋನಿನಲ್ಲಿ ಹೇಳಿದೆ. ದೀಪಾವಳಿಗೆ ಊರಿಗೆ ಬಾ ಅಂದಿದ್ದಾರೆ.

ನಿಮ್ಮ ಮನೆಗಳಲ್ಲೂ ಇಂಥ ಎರಡೆರಡು ಕಥೆ ಇರಬೇಕು ಅಲ್ವೇ? ಬರೀರಿ, ಓದ್ತೀನಿ.