ನವಾನ್ನ

ನವಾನ್ನ — ನವಧಾನ್ಯದ ನೆನಪಿನಿಂದಲೋ ಏನೋ, ಈ ಪದದೊಳಗೆ ಒಂಬತ್ತು ಬಗೆಯ ಅನ್ನವನ್ನು ಎಣಿಸುವವರುಂಟು. ಇಲ್ಲಿಯ ‘ನವ’ ಸಂಖ್ಯೆಯಲ್ಲ, ನೂತನವೆಂದರ್ಥ. ‘ಅನ್ನ’ವಾದರೋ, ತಿನ್ನುವುದನ್ನು ಹೇಳುವ ‘ಅದ್’ ಧಾತುವಿನಿಂದ ಹುಟ್ಟಿ, ಮೊದಲು ಉಣ್ಣತಕ್ಕ ಸಕಲವನ್ನೂ ಸೂಚಿಸುತ್ತಿದ್ದು, ಕಾಲಕ್ರಮದಲ್ಲಿ ನಮ್ಮಲ್ಲಿ ಬೆಂದ ಅಕ್ಕಿಗೇ ಸಂಕುಚಿತವಾಯಿತು. ಹೀಗೆ ನವಾನ್ನವೆಂದರೆ ಹೊಸ ಬೆಳೆಯ ಅಕ್ಕಿಯನ್ನು ಮೊದಲು ಉಣ್ಣುವ ಹಬ್ಬ.

ಬಂಗಾಳಿಯ ‘ನಬಾನ್ನ’ ಇದರದೇ ರೂಪ. ಕಾಳೀ ಜಲಾಶಯದಲ್ಲಿ ಮುಳುಗಿದ ಹಳೆಯ ಸೂಪಾದ ಸೀಮೆಯಲ್ಲಿ, ಎಂದರೆ ಇಂದಿನ ಜೊಯಿಡಾದಲ್ಲಿ, ಕೊಂಕಣಿಯೂ ಕನ್ನಡವೂ ನೆರೆಹೊರೆಯಾಗಿರುವಂತೆ, ಕೊಂಕಣಿಗರ ‘ನವೆಂ’ಗೂ ಘಟ್ಟದವರ ‘ಹೊಸತು’ ಊಟಕ್ಕೂ ಅರ್ಥದಲ್ಲಿ ದೂರವಿಲ್ಲ. ಹಳಗನ್ನಡದ ‘ಪೊಸ’, ತಮಿಳಿನ ‘ಪುದು’, ಕೊಡಗಿನ ಹಬ್ಬ ‘ಪುತ್ತರಿ’ಯ ಪೂರ್ವಪದ ಇವು ಒಂದೇ ಬೇರಿನವು, ಪುತ್ತರಿಯ ‘ಅರಿ’ ಅಕ್ಕಿಯಲ್ಲದೆ ಬೇರಲ್ಲ.

ಹಬ್ಬ ಮುಗಿದ ಮೇಲೆ ನಮ್ಮ ಗೃಹಿಣಿಗೆ ಹೊಸಕ್ಕಿ ಅಷ್ಟೇನೂ ಪ್ರಿಯವಲ್ಲ: ಎಸರು ತುಸು ಹೆಚ್ಚಾದರೂ ಅಗುಳು ಒಂದಕ್ಕೊಂದು ಅಂಟಿ ಮುದ್ದೆಯಾಗುವುದರಿಂದ, ಆಕೆ ಹಳೆಯಕ್ಕಿಯನ್ನೇ ಮೆಚ್ಚುವಳು. ಜಪಾನೀಯರಿಗೆ ಆ ತೇವವೂ ಅಂಟೂ ಗುಣವೇ. ಚಹಾಕೂಟದ ‘ಕೈಸೆಕಿ’ ಭೋಜನದ ಆರಂಭದಲ್ಲಿಯೇ ಆಗತಾನೆ ಬೆಂದ ಅನ್ನವನ್ನು ಒಂದಿಷ್ಟೇ ಬಡಿಸುವ ಆ ಜನ, ಶರತ್ಕಾಲದ ‘ಶಿನ್‌ಮಾಯಿ’ಯನ್ನು, ಅಂದರೆ ಹೊಸಕ್ಕಿಯನ್ನು, ಕಾದು ಉಣ್ಣುವರು. ಅದೇ ಪದ ಅಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಅನನುಭವಿಗೂ ಸಲ್ಲುತ್ತದೆ; ನಮ್ಮ ನವಾನ್ನಕ್ಕೆ ಆ ವಿನೋದಾರ್ಥ ಒದಗಿಲ್ಲ.