ಹೊಸ್ತಿಲು ದಾಟಲು ತಡವಾದ ಮಕ್ಕಳು: ಫಿಸಿಯೋಥೆರಪಿಯ ಒಂದು ಚರಿತ್ರೆ



ಮಗು ಮೊದಲ ಸಲ ಮಗುಚಿಕೊಂಡಾಗ, ಅಂಬೆಗಾಲಿಟ್ಟು ಹೊಸ್ತಿಲು ದಾಟಿದಾಗ ಸಿಹಿ ಹಂಚುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ಯಾವ ತಿಂಗಳಲ್ಲಿ ಮಗು ಏನು ಮಾಡಬೇಕು ಎಂಬ ಲೆಕ್ಕ ಅಜ್ಜಿಯರಿಗೆ ಬಾಯಿಪಾಠ. ಆದರೆ ಮಗು ಹೊಸ್ತಿಲು ದಾಟಲು ತಡಮಾಡಿದರೆ? "ಅವರಪ್ಪನೂ ತಡವಾಗಿಯೇ ನಡೆದದ್ದು, ತಾನಾಗಿ ಸರಿಹೋಗುತ್ತೆ ಬಿಡಿ" ಎಂಬ ಸಮಾಧಾನವೂ ಅಜ್ಜಿಯಿಂದಲೇ ಬರುತ್ತದೆ. ಎಷ್ಟೋ ಸಲ ಅದು ನಿಜವೇ ಆಗುತ್ತದೆ. ನಿಜವಾಗದೇ ಹೋದಾಗ ಆ ಮಗುವಿಗೆ ಏನು ಮಾಡಬೇಕು, ಯಾವ ವಯಸ್ಸಿನಲ್ಲಿ ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ಈ ತಿಂಗಳು ತಿಳಿಯೋಣ.

ಕುಂಟುತ್ತಿದ್ದ ಹುಡುಗ ವೈದ್ಯನಾದ

1810ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಜಾನ್ ಲಿಟಲ್ ಎಂಬ ಹುಡುಗ ಹುಟ್ಟಿದ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವನ ಒಂದು ಪಾದ ಸೊಟ್ಟಗಾಯಿತು. ಅದೇ ಕಾರಣಕ್ಕೋ ಏನೋ, ಅವನು ವೈದ್ಯಕೀಯ ಓದಿದ. 1836ರಲ್ಲಿ ಜರ್ಮನಿಯ ಹ್ಯಾನೋವರ್ ಊರಿಗೆ ಹೋಗಿ ಸ್ಟ್ರೋಮೆಯರ್ ಎಂಬ ಶಸ್ತ್ರವೈದ್ಯರಿಂದ ತನ್ನ ಪಾದವನ್ನು ಸರಿಮಾಡಿಸಿಕೊಂಡ. ಆ ವಿದ್ಯೆಯನ್ನೇ ಕಲಿತು ಲಂಡನ್ನಿಗೆ ಮರಳಿ, ಕೈಕಾಲು ಸೊಟ್ಟಗಾದವರಿಗಾಗಿ ಒಂದು ಚಿಕಿತ್ಸಾಲಯ ತೆರೆದ.

ಅಲ್ಲಿಗೆ ಬರುತ್ತಿದ್ದ ಕೆಲವು ಮಕ್ಕಳ ಕೈಕಾಲುಗಳು ಬಿಗಿಯಾಗಿ ಸೆಟೆದುಕೊಂಡಿರುತ್ತಿದ್ದವು. ಅವರಲ್ಲಿ ಅನೇಕರು ತಿಂಗಳು ತುಂಬುವ ಮೊದಲೇ ಹುಟ್ಟಿದವರು, ಇಲ್ಲವೇ ಹುಟ್ಟುವಾಗ ಉಸಿರಿಗೆ ಕಷ್ಟಪಟ್ಟವರು ಎಂಬುದನ್ನು ಡಾ. ಲಿಟಲ್ ಗಮನಿಸಿದರು. 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದರು. ದೋಷದ ಮೂಲ ಕಾಲಿನಲ್ಲಿಲ್ಲ, ಎಳೆಯ ಮಿದುಳಿಗೆ ಆದ ಪೆಟ್ಟಿನಲ್ಲಿದೆ ಎಂಬ ತಿಳಿವಳಿಕೆ ಹೀಗೆ ಬೆಳೆಯಿತು. ಬಹಳ ಕಾಲ ಇದನ್ನು "ಲಿಟಲ್ ಕಾಯಿಲೆ" ಎಂದೇ ಕರೆದರು. ಇಂದಿನ ಹೆಸರು ಸೆರೆಬ್ರಲ್ ಪಾಲ್ಸಿ. ಮನಶ್ಶಾಸ್ತ್ರಕ್ಕೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಕೂಡ ಮೊದಲು ನರರೋಗ ವೈದ್ಯ. ಹೆರಿಗೆಯ ಕಷ್ಟವೇ ಎಲ್ಲಕ್ಕೂ ಕಾರಣವಲ್ಲ, ತೊಂದರೆ ಗರ್ಭದಲ್ಲೇ ಶುರುವಾಗಿರಬಹುದು ಎಂದು ಅವರು 1897ರಲ್ಲಿ ಬರೆದರು. ಆ ಮಾತಿನ ಸತ್ಯ ಬಹಳ ತಡವಾಗಿ ಎಲ್ಲರಿಗೂ ಒಪ್ಪಿಗೆಯಾಯಿತು.

ಕಾರಣವೇನೋ ತಿಳಿಯುತ್ತಾ ಬಂತು. ಚಿಕಿತ್ಸೆ ಮಾತ್ರ ಕಾಲಿನ ಸುತ್ತಲೇ ಉಳಿಯಿತು. ಬಿಗಿದ ಸ್ನಾಯುಗಳನ್ನು ಎಳೆಯುವುದು, ಕಾಲಿಗೆ ಲೋಹ ಮತ್ತು ಚರ್ಮದ ಪಟ್ಟಿ ಕಟ್ಟುವುದು, ಮಗು ದೊಡ್ಡದಾದ ಮೇಲೆ ಶಸ್ತ್ರಕ್ರಿಯೆ ಮಾಡುವುದು. ಅಮೆರಿಕದಲ್ಲಿ ಮೂಳೆವೈದ್ಯ ವಿಂಥ್ರಪ್ ಫೆಲ್ಪ್ಸ್ 1937ರಲ್ಲಿ ಮೇರಿಲ್ಯಾಂಡಿನಲ್ಲಿ ಇಂಥ ಮಕ್ಕಳಿಗೆಂದೇ ಒಂದು ಸಂಸ್ಥೆ ಕಟ್ಟಿದರು. ಇವರಿಗೂ ಕಲಿಯುವ ಶಕ್ತಿಯಿದೆ, ಕಲಿಸಬೇಕು ಎಂದು ಸಾರಿದ ಮುಂಚೂಣಿಯ ವೈದ್ಯರಲ್ಲಿ ಅವರೊಬ್ಬರು.

ಬರ್ಟಾ ಕಂಡ ದಾರಿ

ದೊಡ್ಡ ತಿರುವು ಬಂದದ್ದು ಒಬ್ಬ ವ್ಯಾಯಾಮ ಶಿಕ್ಷಕಿಯಿಂದ. ಬರ್ಟಾ 1907ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದರು. ದೇಹ ಹೇಗೆ ಚಲಿಸುತ್ತದೆ, ಹೇಗೆ ಸಡಿಲವಾಗುತ್ತದೆ ಎಂಬುದೇ ಅವರ ಓದು. ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದರು. ಬರ್ಲಿನ್ನಿನವರೇ ಆದ ವೈದ್ಯ ಕಾರೆಲ್ ಬೋಬಾತ್ ಅವರೂ ಹಾಗೆಯೇ ಬಂದವರು. ಇಬ್ಬರೂ ಲಂಡನ್ನಿನಲ್ಲೇ ಮದುವೆಯಾದರು. ನಮ್ಮ ಹಾಗೆಯೇ ಪರದೇಶದಲ್ಲಿ ಮನೆ ಮಾಡಿದವರು ಅವರು.

1940ರ ದಶಕದಲ್ಲಿ ಬರ್ಟಾ, ಪಾರ್ಶ್ವವಾಯು ಬಡಿದಿದ್ದ ಒಬ್ಬ ಚಿತ್ರಕಾರರಿಗೆ ಚಿಕಿತ್ಸೆ ಕೊಡುತ್ತಿದ್ದರು. ಸೆಟೆದ ಕೈಯನ್ನು ಬಲವಂತವಾಗಿ ಎಳೆದರೆ ಅದು ಇನ್ನಷ್ಟು ಸೆಟೆಯುತ್ತಿತ್ತು. ದೇಹದ ಭಂಗಿಯನ್ನೇ ಬದಲಿಸಿದಾಗ ಬಿಗಿತ ತಾನಾಗಿ ಇಳಿಯುತ್ತಿತ್ತು. ಹಾಗಾದರೆ ಬಿಗಿತ ಕಲ್ಲಿನಂತೆ ಸ್ಥಿರವಲ್ಲ, ಅದನ್ನು ಬದಲಿಸಬಹುದು! ಇದೇ ವಿಧಾನವನ್ನು ಅವರು ಮಕ್ಕಳಿಗೂ ಅನ್ವಯಿಸಿದರು. ಕಾರೆಲ್ ಅದಕ್ಕೆ ನರವಿಜ್ಞಾನದ ವಿವರಣೆ ಹುಡುಕಿದರು. 1951ರಲ್ಲಿ ದಂಪತಿ ಲಂಡನ್ನಿನಲ್ಲಿ ತಮ್ಮ ಚಿಕಿತ್ಸಾಲಯ ತೆರೆದರು. ಮಗುವನ್ನು ಮಲಗಿಸಿ ಕೈಕಾಲು ಎಳೆಯುವ ಬದಲು, ತೊಡೆಯ ಮೇಲೆ ಕೂರಿಸಿಕೊಂಡು, ದೊಡ್ಡ ಚೆಂಡಿನ ಮೇಲೆ ಹೊರಳಿಸಿ, ಆಟದಲ್ಲೇ ಚಲನೆ ಕಲಿಸುವ ಕ್ರಮ ಲೋಕಕ್ಕೆಲ್ಲ ಹಬ್ಬಿತು.

ಅವರು ಒತ್ತಿ ಹೇಳಿದ ಇನ್ನೊಂದು ಮಾತು: ಬೇಗ ಶುರುಮಾಡಿ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ನಮ್ಮ ಗಾದೆಯನ್ನು ಸಾಮಾನ್ಯವಾಗಿ ಶಿಸ್ತಿಗೆ ಹೇಳುತ್ತೇವೆ. ಮಿದುಳಿಗೂ ಅದು ಒಪ್ಪುತ್ತದೆ. ಮೊದಲ ವರ್ಷಗಳಲ್ಲಿ ಮಿದುಳು ಬಹಳ ವೇಗವಾಗಿ ಹೊಸ ಸಂಪರ್ಕಗಳನ್ನು ಹೆಣೆಯುತ್ತದೆ. ಒಂದು ದಾರಿ ಮುಚ್ಚಿದ್ದರೆ ಬಳಸುದಾರಿ ಹುಡುಕುವ ಶಕ್ತಿ ಆಗ ಹೆಚ್ಚು. ಜೊತೆಗೆ, ಬಳಸದ ಸ್ನಾಯುಗಳು ವರ್ಷ ಕಳೆದಂತೆ ಗಿಡ್ಡವಾಗುತ್ತವೆ, ಕೀಲುಗಳು ಬಿಗಿಯುತ್ತವೆ.

ಚಿಕಿತ್ಸೆ ಮನೆಗೆ ಬಂತು

ವಾರಕ್ಕೆ ಒಂದೆರಡು ಗಂಟೆ ಚಿಕಿತ್ಸಾಲಯದಲ್ಲಿ ಕಳೆಯುವ ಮಗು ಉಳಿದ ಹೊತ್ತೆಲ್ಲ ಇರುವುದು ಮನೆಯಲ್ಲಿ. 1968ರಲ್ಲಿ ನ್ಯಾನ್ಸಿ ಫಿನ್ನಿ ಎಂಬ ಫಿಸಿಯೋಥೆರಪಿಸ್ಟ್ ಹೆತ್ತವರಿಗಾಗಿಯೇ ಒಂದು ಪುಸ್ತಕ ಬರೆದರು. ಮಗುವನ್ನು ಎತ್ತಿಕೊಳ್ಳುವುದು, ಸ್ನಾನ ಮಾಡಿಸುವುದು, ಅಂಗಿ ತೊಡಿಸುವುದು, ಉಣಿಸುವುದು ಹೇಗೆ ಎಂಬುದೇ ಅದರ ವಿಷಯ. ಸೊಂಟದ ಮೇಲೆ ಕೂರಿಸಿಕೊಳ್ಳುವ ರೀತಿಯೂ ವ್ಯಾಯಾಮವಾಗಬಲ್ಲದು ಎಂದಾದ ಮೇಲೆ, ಅಮ್ಮ, ಅಪ್ಪ, ಅಜ್ಜಿ ಎಲ್ಲರೂ ಚಿಕಿತ್ಸೆಯಲ್ಲಿ ಪಾಲುದಾರರಾದರು.

ಭಾರತದಲ್ಲಿ ಈ ಕೆಲಸ ಕೈಗೆತ್ತಿಕೊಂಡವರಲ್ಲಿ ಪ್ರಮುಖರು ಒಬ್ಬ ತಾಯಿ. ಸೆರೆಬ್ರಲ್ ಪಾಲ್ಸಿ ಇದ್ದ ಮಗಳು ಮಾಲಿನಿಗೆ ತಕ್ಕ ಶಾಲೆ ಸಿಗದಿದ್ದಾಗ ಮಿಥು ಆಲೂರ್ 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಸ್ಥಾಪಿಸಿದರು. ಆ ಮಗಳು ಮಾಲಿನಿ ಚಿಬ್ ಮುಂದೆ ಉನ್ನತ ಶಿಕ್ಷಣ ಪಡೆದು, ಒಂದೇ ಬೆರಳಿನಿಂದ ಟೈಪ್ ಮಾಡಿ ತಮ್ಮ ಆತ್ಮಕಥೆ ಬರೆದರು. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಯಿತು. 2013ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ, ಬೆಳವಣಿಗೆಯ ವಿಳಂಬವನ್ನೂ ಅದರಲ್ಲಿ ಸೇರಿಸಿತು.

ನಾವಿರುವ ಅಮೆರಿಕದಲ್ಲಿ ಇದು ಕಾನೂನಾದದ್ದು 1986ರಲ್ಲಿ. ಅದಕ್ಕೂ ಮುಂಚೆ, 1975ರ ಕಾನೂನು ಅಂಗವಿಕಲ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟಿತ್ತು. 1986ರ ತಿದ್ದುಪಡಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅರ್ಲಿ ಇಂಟರ್ವೆನ್ಷನ್ ಸೇವೆಯ ದಾರಿ ತೆರೆಯಿತು. ಪೋಷಕರೇ, ಇದನ್ನು ನೆನಪಿಡಿ: ವೈದ್ಯರ ಚೀಟಿಗೆ ಕಾಯದೆ ನೀವೇ ನಿಮ್ಮ ರಾಜ್ಯದ ಕೇಂದ್ರಕ್ಕೆ ಫೋನ್ ಮಾಡಬಹುದು. ಮಗುವಿನ ಪರೀಕ್ಷೆ ಉಚಿತ. ನೀವು ಒಪ್ಪಿಗೆ ಕೊಟ್ಟರೆ, ಪರೀಕ್ಷೆ ಮುಗಿಸಿ, ಮಗು ಅರ್ಹವಾಗಿದ್ದರೆ ಕುಟುಂಬದೊಂದಿಗೆ ಕೂತು ಯೋಜನೆ ಮಾಡಲು ಅವರಿಗಿರುವ ಗಡುವು 45 ದಿನ. ನಿಮ್ಮ ಮನೆಮಾತು ಕನ್ನಡ ಎಂದು ಹೇಳಿ, ದುಭಾಷಿಯನ್ನು ಕೇಳಿ. "ಬಾ ಪುಟ್ಟ" ಎಂದರೆ ತೆವಳುವ ಮಗು ಬೇರೆ ಭಾಷೆಗೆ ಸುಮ್ಮನಿದ್ದರೆ ಅದು ವಿಳಂಬವಲ್ಲ.

ಇಂದು ನಮಗೆ ತಿಳಿದಿರುವುದು

ಬೋಬಾತ್ ದಂಪತಿಯ ಮಾತೇ ಕೊನೆಯ ಮಾತಾಗಲಿಲ್ಲ. ದೊಡ್ಡವರು ಕೈಹಿಡಿದು ಚಲಿಸಿದರೆ ಸಾಲದು, ಮಗು ತಾನೇ ಪ್ರಯತ್ನಿಸಬೇಕು ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. ಈಗಿನ ಚಿಕಿತ್ಸಕರು ಗಿಲಕಿಯನ್ನು ತುಸು ದೂರದಲ್ಲಿಟ್ಟು, ಮಗುವೇ ಅದರತ್ತ ಕೈಚಾಚಲಿ ಎಂದು ಕಾಯುತ್ತಾರೆ. ಸೆರೆಬ್ರಲ್ ಪಾಲ್ಸಿಯನ್ನು ಆರು ತಿಂಗಳೊಳಗೇ ಗುರುತಿಸಲು ಸಾಧ್ಯ ಎಂದು 2017ರಲ್ಲಿ ತಜ್ಞರು ಪ್ರಕಟಿಸಿದರು. ಹಿಂದೆ ಇದಕ್ಕೆ ಒಂದೆರಡು ವರ್ಷ ಕಾಯುವುದು ವಾಡಿಕೆಯಾಗಿತ್ತು.

ಹಾಗೆಂದು ತಡವೆಲ್ಲ ಕಾಯಿಲೆಯಲ್ಲ. ಭಾರತ, ಒಮಾನ್, ಅಮೆರಿಕ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದ್ದು ಹೀಗೆ: ಆಧಾರವಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ನಡುವೆ, ಒಂಟಿಯಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳ ನಡುವೆ. ಪಕ್ಕದ ಮನೆಯ ಮಗು ಹತ್ತಕ್ಕೇ ನಡೆಯಿತೆಂದು ಕಂಗಾಲಾಗಬೇಡಿ. ಗಡಿ ದಾಟಿದರೆ, ಒಂದೇ ಕೈಯನ್ನು ಬಳಸುತ್ತಿದ್ದರೆ, ಕಲಿತದ್ದನ್ನು ಮರೆಯುತ್ತಿದ್ದರೆ ಮಾತ್ರ "ನೋಡೋಣ" ಎನ್ನದೆ ತೋರಿಸಿ. ಏನೂ ಇಲ್ಲ ಎಂದಾದರೆ ಒಂದು ಗಂಟೆ ಹೋದೀತು, ಅಷ್ಟೇ. ಇದ್ದೂ ಕಾಯ್ದರೆ ಹೋಗುವುದು ಮಗುವಿನ ಅತ್ಯಮೂಲ್ಯ ವರ್ಷಗಳು. ಚಿಕಿತ್ಸೆಯಿಂದ ಎಲ್ಲ ಮಕ್ಕಳೂ ನಡೆದೇಬಿಡುತ್ತಾರೆ ಎಂದಲ್ಲ. ಗಾಲಿಕುರ್ಚಿಯಲ್ಲಿ ಕೂತು, ತನ್ನ ಕೈಯಾರೆ ಉಣ್ಣುವುದೂ ಗೆಲುವೇ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ವಾಕರ್ ಹಿಡಿದು ನಡೆಯುವ ಗೆಳೆಯನೋ ಗೆಳತಿಯೋ ಇದ್ದರೆ, ಅವರ ಪ್ರತಿ ಹೆಜ್ಜೆಯ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿದೆ ಎಂದು ಈಗ ನಿಮಗೆ ಗೊತ್ತು. ಮುಂದಿನ ಸಲ ಆಟಕ್ಕೆ ತಂಡ ಮಾಡುವಾಗ ಅವರನ್ನೇ ಮೊದಲು ಕರೆಯಿರಿ.