ಮೂತ್ರದ ತೊಂದರೆ: ಆಸ್ಪತ್ರೆಯಾಚೆಗಿನ ತಪಾಸಣೆ ಎಲ್ಲಿಗೆ ಬಂತು?

ಮೂತ್ರದ ತೊಂದರೆಯನ್ನು ಇನ್ನು ಮೊಬೈಲೇ ಪತ್ತೆಹಚ್ಚುತ್ತದೆ, ರೋಗಿ ಆಸ್ಪತ್ರೆ ಮೆಟ್ಟಿಲು ಹತ್ತಬೇಕಿಲ್ಲ ಎಂಬ ಮಾತು ಈಗ ವೈದ್ಯರ ಸಭೆಗಳಲ್ಲಿ ಚಾಲ್ತಿಯಲ್ಲಿದೆ. ಕಾರವಾರ, ಅಂಕೋಲಾ ಕಡೆ ವರ್ಷಾನುಗಟ್ಟಲೆ ರೋಗಿಗಳನ್ನು ನೋಡಿದವರಿಗೆ ಇದನ್ನು ಕೇಳಿ ನಗುವೂ ಬರುತ್ತದೆ, ಆಸೆಯೂ ಹುಟ್ಟುತ್ತದೆ. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದಮೇಲೂ ದೊಡ್ಡ ತಪಾಸಣೆ ಎಂದರೆ ಜನ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾದ ಬಾಂಬೋಳಿಗೋ ಹೊರಡುತ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣಿಪಾಲದ ಹೆದ್ದಾರಿಯೇ ಮುಚ್ಚಿತು. ಮನೆಯಲ್ಲೇ ತಪಾಸಣೆ ಎಂಬುದು ನಮಗೆ ಶೋಕಿಯಲ್ಲ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. ನಮ್ಮ ವೈದ್ಯರು ಮೂತ್ರಕ್ಕೆ ಎಣ್ಣೆಹನಿ ಬಿಟ್ಟು ತೈಲಬಿಂದು ಪರೀಕ್ಷೆ ಮಾಡಿದರು. ಆಮೇಲೆ ಬೆನೆಡಿಕ್ಟ್ ದ್ರಾವಣ ಬಂತು. ನೀಲಿ ನೀರನ್ನು ಸ್ಪಿರಿಟ್ ದೀಪದ ಮೇಲೆ ಕುದಿಸಿ, ಹಸಿರಾಯಿತೋ ಇಟ್ಟಿಗೆ ಬಣ್ಣಕ್ಕೆ ತಿರುಗಿತೋ ಎಂದು ಸಕ್ಕರೆ ಅಳೆದರು. 1956ರಲ್ಲಿ ಅಮೆರಿಕದ ಫ್ರೀ ದಂಪತಿಯ ಗ್ಲುಕೋಸ್ ಪಟ್ಟಿ ಮಾರುಕಟ್ಟೆಗೆ ಬಂದು, ಪರೀಕ್ಷೆ ಪ್ರಯೋಗಶಾಲೆ ದಾಟಿತು. ಆದರೆ ಇವೆಲ್ಲ ಮೂತ್ರದೊಳಗೆ ಏನಿದೆ ಎಂದಷ್ಟೇ ಹೇಳುತ್ತಿದ್ದವು. ಹೋಗುವಾಗಿನ ಕಷ್ಟವನ್ನು ಅಳೆಯುವ ಧಾರಾಮಾಪಕವನ್ನು 1948ರಲ್ಲಿ ಡ್ರೇಕ್ ಎಂಬಾತ ಮಾಡಿದ. ಸೆಕೆಂಡಿಗೆ 15 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 10ಕ್ಕಿಂತ ಕಡಿಮೆಯಾದರೆ ತಡೆಯಿರಬಹುದು ಎಂಬ ಲೆಕ್ಕ ಇವತ್ತಿಗೂ ನಡೆಯುತ್ತಿದೆ.

ನಮ್ಮ ತಲೆಮಾರಿನ ಕೈಗೆ ಬಂದದ್ದು ಪ್ರಶ್ನಾವಳಿ. 1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘ ಸಿದ್ಧಪಡಿಸಿದ ಏಳು ಪ್ರಶ್ನೆಗಳೇ ಮುಂದೆ ಅಂತಾರಾಷ್ಟ್ರೀಯ ಪ್ರಾಸ್ಟೇಟ್ ಅಂಕವಾದವು. ಒಟ್ಟು 35 ಅಂಕ. 7ರೊಳಗೆ ಸೌಮ್ಯ, 20 ಮುಟ್ಟಿದರೆ ತೀವ್ರ. ಕಾಗದ, ಪೆನ್ನು ಇದ್ದರೆ ಸಾಕು, ಎಲ್ಲಿ ಬೇಕಾದರೂ ಕೇಳಬಹುದು ಎಂದು ನಾವೆಲ್ಲ ಹಿಗ್ಗಿದೆವು. ಕೇಳಲು ಕೂತಾಗ ತೊಡಕು ಗೊತ್ತಾಯಿತು. 'ಕಳೆದ ತಿಂಗಳಲ್ಲಿ ಐದರಲ್ಲಿ ಒಂದು ಸಲಕ್ಕಿಂತ ಕಡಿಮೆಯೋ, ಅರ್ಧಕ್ಕಿಂತ ಹೆಚ್ಚೋ' ಎಂದರೆ ಬೇಲೆಕೇರಿಯ ಮೀನುಗಾರ ಮುಖ ನೋಡುತ್ತಾನೆ. 'ಹೋಗ್ತದೆ ಡಾಕ್ಟ್ರೇ, ಜೋರಿಲ್ಲ' ಎನ್ನುತ್ತಾನೆ. ದಕ್ಷಿಣ ಆಫ್ರಿಕಾದ ಹೈನ್ಸ್ ಮತ್ತು ಸಂಗಡಿಗರು ಇದಕ್ಕೆ ಚಿತ್ರಗಳನ್ನು ಬರೆಸಿದರು: ದಪ್ಪ ಧಾರೆಯಿಂದ ತೊಟ್ಟಿಕ್ಕುವ ಹನಿಯವರೆಗೆ, ಬೆರಳಿಟ್ಟು ತೋರಿಸಿದರೆ ಆಯಿತು. ಎಷ್ಟೋ ಆ್ಯಪ್‌ಗಳಿಗಿಂತ ಈ ಒಂದು ಹಾಳೆ ಮೇಲು.

ಇನ್ನೂ ಮೇಲಾದದ್ದು ಮೂತ್ರದ ದಿನಚರಿ. ಅದರ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಮೂರು ದಿನ, ಒಂದು ಅಳತೆಯ ಮಗ್ಗು, ಒಂದು ಹಳೆಯ ನೋಟ್‌ಬುಕ್. ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಬಂತು, ಅಷ್ಟೇ. ರಾತ್ರಿ ನಾಲ್ಕೈದು ಸಲ ಏಳುವ ಎಪ್ಪತ್ತರ ಹಿರಿಯರು ಪ್ರಾಸ್ಟೇಟ್ ಮಾತ್ರೆ ನುಂಗುತ್ತಲೇ ಇರುತ್ತಾರೆ, ಗುಣ ಕಾಣುವುದಿಲ್ಲ. ಮೊಮ್ಮಗಳು ಬರೆದಿಟ್ಟ ಪುಟ ತೆರೆದರೆ ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ರಾತ್ರಿಯೇ ಹೋಗಿರುತ್ತದೆ. ಆಮೇಲೆ ಪಾದ ಒತ್ತಿ ನೋಡಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ. ದೋಷ ಪ್ರಾಸ್ಟೇಟಿನದಲ್ಲ, ಹೃದಯವನ್ನು ನೋಡಬೇಕು. ಯಾವ ಧಾರಾಮಾಪಕವೂ ಇದನ್ನು ಹೇಳುವುದಿಲ್ಲ. ಇದೇ ದಿನಚರಿ ಮೊಬೈಲಿಗೆ ಬಂದದ್ದು ಒಳ್ಳೆಯದೇ. ಹೊತ್ತು ತಾನಾಗಿ ದಾಖಲಾಗುತ್ತದೆ, ವೈದ್ಯರು ದೂರದಿಂದಲೇ ನೋಡಬಹುದು.

ಈಗಿನ ಹೊಸ ಬೆರಗು ಸದ್ದು ಕೇಳಿ ಧಾರೆ ಅಳೆಯುವ ಫೋನು. ಉಪಾಯ ಚೆನ್ನಾಗಿದೆ. ಆದರೆ ಅದು ಕಮೋಡಿನ ನೀರಿಗೆ ನಿಂತು ಮಾಡುವ ಗಂಡಸನ್ನು ಎಣಿಸಿ ಮಾಡಿದ್ದು. ನಮ್ಮ ಕುಕ್ಕರುಗಾಲಿನ ಪಾಯಿಖಾನೆಯಲ್ಲಿ ಧಾರೆ ಇಳಿಜಾರಿಗೆ ಬೀಳುತ್ತದೆ. ಆಷಾಢದಲ್ಲಿ ತಗಡಿನ ಮೇಲೆ ಹೊಡೆಯುವ ಮಳೆಯಲ್ಲಿ ಫೋನಿಗೆ ಏನು ಕೇಳಿಸೀತು? ಪಟ್ಟಿಯ ಬಣ್ಣವನ್ನು ಕ್ಯಾಮೆರಾ ಓದುವ ವಿಧಾನಕ್ಕೆ 2018ರಲ್ಲೇ ಅಮೆರಿಕದ ಅನುಮತಿ ಸಿಕ್ಕಿದೆ. ಕರಾವಳಿಯ ತೇವಕ್ಕೆ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಆ ಪಟ್ಟಿಯೇ ಕೆಡುತ್ತದೆ. ಮೂತ್ರ ಹೋದಮೇಲೆ ಚೀಲದಲ್ಲಿ ಎಷ್ಟು ಉಳಿಯಿತು ಎಂದು ನೋಡಲು ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಇದೆ. ಆದರೆ ಅದೂ ಅಲ್ಟ್ರಾಸೌಂಡೇ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ 2012ರಲ್ಲಿ ಬಂದ ನಿಯಮ ಒಯ್ಯಬಲ್ಲ ಅಲ್ಟ್ರಾಸೌಂಡನ್ನು ನೋಂದಾಯಿತ ಆಸ್ಪತ್ರೆ ಮತ್ತು ಸಂಚಾರಿ ಘಟಕಗಳಿಗೆ ಸೀಮಿತಗೊಳಿಸಿದೆ. ಆ ಕಾಯ್ದೆ ಬೇಕೇ ಬೇಕು. ಮುದುಕರ ಮೂತ್ರಚೀಲಕ್ಕಷ್ಟೇ ಒಂದು ದಾರಿ ಹುಡುಕಬಾರದೇ?

ಇಷ್ಟೂ ಚರಿತ್ರೆಯಲ್ಲಿ ಹೆಂಗಸರು ಎಲ್ಲಿದ್ದಾರೆ? ಏಳು ಪ್ರಶ್ನೆಗಳು ಹುಟ್ಟಿದ್ದೇ ಪ್ರಾಸ್ಟೇಟಿಗಾಗಿ. ನಸುಕಿನಲ್ಲೇ ಬಂದರಿಗೆ ಬಂದು ಬುಟ್ಟಿ ತುಂಬಿಕೊಂಡು ಪೇಟೆಯಲ್ಲಿ ಕೂರುವವಳು ಮಧ್ಯಾಹ್ನದವರೆಗೆ ನೀರು ಮುಟ್ಟುವುದಿಲ್ಲ. ಕುಡಿದರೆ ಹೋಗಲು ಜಾಗವಿಲ್ಲ. ಎರಡು ತಾಸಿನೊಳಗೆ ಮತ್ತೆ ಹೋದಿರಾ ಎಂಬ ಪ್ರಶ್ನೆಗೆ ಅವಳ ಅಂಕ ಸೊನ್ನೆ. ಆ್ಯಪ್ ಅವಳನ್ನು ಆರೋಗ್ಯವಂತಳೆಂದು ಬರೆದುಕೊಳ್ಳುತ್ತದೆ. ಉರಿಮೂತ್ರಕ್ಕೆ ಮೆಡಿಕಲ್ ಶಾಪಿನ ಗುಳಿಗೆ, ಕೆಮ್ಮಿದಾಗ ಸೋರಿದರೆ ಸೀರೆಯ ಮಡಿಕೆ, ಹೀಗೇ ನಡೆಯುತ್ತಿದೆ. ಸೋರುವಿಕೆಯನ್ನು ಕೇಳುವ ಬೇರೆ ಪ್ರಶ್ನಾವಳಿಗಳಿವೆ, ಆದರೆ ಅವಳಿರುವಲ್ಲಿಗೆ ಅವನ್ನು ಒಯ್ದವರಿಲ್ಲ.

ಒಯ್ಯಬಲ್ಲವಳು ಆಶಾ ಕಾರ್ಯಕರ್ತೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಸಕ್ಕರೆ, ರಕ್ತದೊತ್ತಡ, ಕ್ಯಾನ್ಸರ್ ಎಂದು ಮನೆಬಾಗಿಲಿಗೇ ಹೋಗುತ್ತಿದೆ. ರಾತ್ರಿ ಎಷ್ಟು ಸಲ ಏಳುತ್ತೀರಿ, ಸೋರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಆ ತಪಾಸಣೆಗೆ ಸೇರಿಸಿ, ಜೊತೆಗೆ ಒಂದು ಅಳತೆ ಮಗ್ಗು ಕೊಟ್ಟು ಕಳಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ಫೋನು ಆಮೇಲೆ ಬರಲಿ.